ರಾಣಿ ರಾಂಪಾಲ್ ಮತ್ತು ಆ 48ನೇ ನಿಮಿಷ

ಎಲ್ಲರಿಗೂ ನಮಸ್ಕಾರ. ಮೈಕ್ ಕೈಗೆ ಸಿಕ್ರೆ ನಾನು ಬಿಡಲ್ಲ ಅಂತ ನಿಮ್ಮ ಪಿಟಿ ಮೇಡಂಗೆ ಚೆನ್ನಾಗಿ ಗೊತ್ತು, ಅದಕ್ಕೇ ಟೈಮ್ ನೋಡ್ಕೊಳ್ಳಿ ಸರ್ ಅಂತ ಆಗ್ಲೇ ಎರಡು ಸಲ ಹೇಳಿದ್ದಾರೆ, ಸರಿ, ಶುರು ಮಾಡೇ ಬಿಡ್ತೀನಿ.

ನಮ್ಮ ಹೆಣ್ಮಕ್ಕಳ ಹಾಕಿ ಟೀಮಿನ ಕ್ಯಾಪ್ಟನ್ ಆಗಿದ್ದ ರಾಣಿ ರಾಂಪಾಲ್ ಹುಟ್ಟಿದ್ದು 1994ರಲ್ಲಿ, ಶಾಹಾಬಾದ್‌ನಲ್ಲಿ. ನಮ್ಮ ಕಲಬುರಗಿ ಹತ್ರ ಹಾಸುಗಲ್ಲಿನ ಊರಿದೆಯಲ್ಲ, ಅದಲ್ಲ, ಇದು ಹರಿಯಾಣದ ಕುರುಕ್ಷೇತ್ರ ಜಿಲ್ಲೆದು. ಅಪ್ಪ ಗಾಡಿ ಎಳೀತಿದ್ರು, ದಿನಕ್ಕೆ 80 ರೂಪಾಯಿ. ಪ್ರಾಕ್ಟೀಸ್‌ಗೆ ಬರೋ ಹುಡುಗೀರು ಅರ್ಧ ಲೀಟರ್ ಹಾಲು ತರ್ಬೇಕು ಅಂತ ರೂಲ್ಸು, ಇವಳ ಮನೇಲಿ ಸಿಗ್ತಿದ್ದಿದ್ದು 200 ಎಂಎಲ್, ಉಳಿದಿದ್ದಕ್ಕೆ ಯಾರಿಗೂ ಹೇಳ್ದೆ ನೀರು ಬೆರೆಸ್ತಿದ್ಳಂತೆ. ಮನೇಲಿ ಗಡಿಯಾರ ಇಲ್ಲ, ಅಮ್ಮ ಆಕಾಶ ನೋಡಿ ಹೊತ್ತು ಲೆಕ್ಕ ಹಾಕಿ ಎಬ್ಬಿಸ್ತಿದ್ರು. ಇದನ್ನೆಲ್ಲ ರಾಣಿನೇ ಹೇಳ್ಕೊಂಡಿದ್ದಾಳೆ, ನೀವೂ ವಾಟ್ಸಾಪ್‌ನಲ್ಲಿ ಓದಿರ್ತೀರ. ನಂಗಿರೋ ಕಿರಿಕಿರಿ ಏನಂದ್ರೆ, ಎಲ್ರೂ ಆ ಹಾಲಿನ ಕಥೆ ಹೇಳಿ ಕಣ್ಣೊರೆಸ್ಕೊಂಡು ಮನೆಗೆ ಹೋಗ್ತಾರೆ, ಹುಡುಗಿ ಆಡಿದ್ದೇನು ಅಂತ ಒಬ್ರೂ ಕೇಳಲ್ಲ.

ಆಡಿದ್ದು ಕೇಳಿ. ಕೋಚ್ ಬಲ್ದೇವ್ ಸಿಂಗ್ ಕೈಯಲ್ಲಿ ಪಳಗಿ 14ಕ್ಕೇ ಇಂಡಿಯಾ ಟೀಮು. 2010ರಲ್ಲಿ ಅರ್ಜೆಂಟೀನಾದ ರೊಸಾರಿಯೋದಲ್ಲಿ ವರ್ಲ್ಡ್ ಕಪ್, ಆಗ 15 ವರ್ಷ, ಅಂದ್ರೆ ಇಲ್ಲಿ ಮುಂದೆ ಕೂತಿರೋ ಹೈಸ್ಕೂಲ್ ಮಕ್ಕಳ ವಯಸ್ಸು, ಒಬ್ಬಳೇ 7 ಗೋಲು ಹೊಡೆದ್ಳು. ಟೀಮ್ ಒಂಬತ್ತನೇ ಸ್ಥಾನ, ಅದು ಬೇರೆ ಮಾತು. 2013ರ ಜೂನಿಯರ್ ವರ್ಲ್ಡ್ ಕಪ್‌ನಲ್ಲಿ ಇಂಗ್ಲೆಂಡನ್ನ ಶೂಟೌಟ್‌ನಲ್ಲಿ ಸೋಲಿಸಿ ಕಂಚು.

ಆಮೇಲೆ ರಿಯೋ. ನಮ್ಮ ಹೆಣ್ಮಕ್ಕಳು ಒಲಿಂಪಿಕ್ಸ್ ಆಡಿ 36 ವರ್ಷ ಆಗಿತ್ತು, 1980ರ ಮಾಸ್ಕೋ ಆದ್ಮೇಲೆ 2016ರಲ್ಲೇ. ಹೋಗಿದ್ದೇನೋ ಹೋದ್ರು, ಆಸ್ಟ್ರೇಲಿಯಾ 6-1 ಅಂತ ಬಡಿದು ಹಾಕ್ತು, ಟೀಮು ಕಟ್ಟಕಡೆಗೆ ಬಂತು.

ಈಗ ನಾನು ಹೇಳ್ಬೇಕು ಅಂತ ಬಂದಿದ್ದು. 2019ರ ನವೆಂಬರ್, ಭುವನೇಶ್ವರದ ಕಳಿಂಗ ಸ್ಟೇಡಿಯಂ, ಟೋಕಿಯೋ ಒಲಿಂಪಿಕ್ಸ್‌ಗೆ ಯಾರು ಹೋಗ್ತಾರೆ ಅಂತ ಅಮೆರಿಕ ಜೊತೆ ಎರಡು ಮ್ಯಾಚು, ಎರಡರ ಗೋಲೂ ಕೂಡಿಸಿ ಲೆಕ್ಕ. ಮೊದಲ ದಿನ ನಾವು 5-1. ಮುಗೀತಪ್ಪ ಅಂತ ಎಲ್ರೂ ನೆಮ್ಮದಿಯಾಗಿ ಮಲಗಿದ್ರು. ಮಾರನೇ ದಿನ ಹಾಫ್ ಟೈಮ್‌ಗೆ ಅಮೆರಿಕ 4-0! ಕೂಡಿಸಿ ನೋಡಿ, 5-5. ನಾಲ್ಕು ವರ್ಷದ ಬೆವರು ಅರ್ಧ ಗಂಟೇಲಿ ಸೊನ್ನೆ. ಒಂದೊಂದು ಕ್ವಾರ್ಟರ್ 15 ನಿಮಿಷ, ಮೂರನೇದ್ರಲ್ಲಿ ಯಾರೂ ಹೊಡೀಲಿಲ್ಲ, ನಾಲ್ಕನೇದು ಶುರುವಾಗಿ ಮೂರು ನಿಮಿಷ ಆಗಿಲ್ಲ, 48ನೇ ನಿಮಿಷ, ಡಿ ಒಳಗೆ, ಅಂದ್ರೆ ಗೋಲ್ ಮುಂದಿನ ಅರ್ಧವೃತ್ತದೊಳಗೆ, ಬಾಲ್ ಸಿಕ್ಕಿದ್ದೇ ತಡ ಕ್ಯಾಪ್ಟನ್ ರಾಣಿ ಬಾರಿಸಿದ್ದು ಗೋಲು. 6-5. ಇನ್ನೊಂದು ಪಾಸ್ ಕೊಡೋಣ್ವಾ, ಪೆನಾಲ್ಟಿ ಕಾರ್ನರ್ ತಗೊಳ್ಳೋಣ್ವಾ ಅಂತ ಯೋಚ್ನೆನೇ ಇಲ್ಲ. ನಾನೂ ಕಾಲೇಜಲ್ಲಿ ಫಾರ್ವರ್ಡ್ ಆಡಿದವನೇ, ಖಾಲಿ ಗೋಲ್ ಮುಂದೆ ನಿಂತು ಯೋಚ್ನೆ ಮಾಡಿ ಕೆಡಿಸಿದ ಲೆಕ್ಕ ನನ್ನ ಹತ್ರ ಬೇಕಾದಷ್ಟಿದೆ, ಅದಕ್ಕೇ ಆ ಹೊಡೆತದ ಬೆಲೆ ನಂಗೆ ಗೊತ್ತು.

ಆ ಗೋಲ್ ಇಲ್ದಿದ್ರೆ ಟೋಕಿಯೋ ಗ್ಯಾರಂಟಿ ಇರ್ಲಿಲ್ಲ. ಅದಕ್ಕೆ ತಯಾರಿ ನಡೆದಿದ್ದು ನಮ್ಮ ಬೆಂಗಳೂರಿನ ಸಾಯ್, ಅಂದ್ರೆ ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ಸೆಂಟರ್‌ನಲ್ಲೇ, ಮಧ್ಯದಲ್ಲಿ ರಾಣಿಗೂ ಇನ್ನು ಕೆಲವು ಆಟಗಾರ್ತಿಯರಿಗೂ ಕೋವಿಡ್ ಬೇರೆ. ಟೋಕಿಯೋದಲ್ಲಿ ಕ್ವಾರ್ಟರ್ ಫೈನಲ್‌ಗೆ ಸಿಕ್ಕಿದ್ದು ಯಾರು? ಅದೇ ಆಸ್ಟ್ರೇಲಿಯಾ. ಗುರ್ಜೀತ್ ಕೌರ್ ಒಂದೇ ಗೋಲು, 1-0, ಮನೆಗೆ ಕಳಿಸಿದ್ರು. ಕಂಚಿನ ಮ್ಯಾಚಲ್ಲಿ ಬ್ರಿಟನ್ ಎದುರು 4-3ಕ್ಕೆ ಸೋತು ನಾಲ್ಕನೇ ಸ್ಥಾನ.

ಆಮೇಲಿನ ಕಥೆ ಅಷ್ಟು ಚೆಂದ ಇಲ್ಲ. ಗಾಯ ಆಯ್ತು, 2022ರ ವರ್ಲ್ಡ್ ಕಪ್ ಟೀಮಲ್ಲಿ ಹೆಸರಿಲ್ಲ. ವಾಪಸ್ ಬಂದ್ಳು, 2023ರ ಏಷ್ಯನ್ ಗೇಮ್ಸ್‌ಗೂ ತಗೊಳ್ಳಲಿಲ್ಲ. ಖೇಲ್ ರತ್ನ, ಪದ್ಮಶ್ರೀ ಎರಡೂ ಇದ್ರೂ ಅಷ್ಟೇ. 254 ಮ್ಯಾಚ್ ಆಡಿ 2024ರ ಅಕ್ಟೋಬರ್‌ನಲ್ಲಿ ರಿಟೈರ್ ಆದ್ಳು, ಹಾಕಿ ಇಂಡಿಯಾ ಸಂಸ್ಥೆ ಅವಳ 28ನೇ ನಂಬರ್ ಜರ್ಸಿನ ಇನ್ಯಾರಿಗೂ ಕೊಡಲ್ಲ ಅಂತು.

ಮೇಡಂ ವಾಚ್ ನೋಡ್ತಿದ್ದಾರೆ. ಆ 48ನೇ ನಿಮಿಷದ ವಿಡಿಯೋ ಪೆನ್ ಡ್ರೈವ್‌ನಲ್ಲಿ ತಂದಿದ್ದೀನಿ, ಯಾರಾದ್ರೂ ಆ ಲೈಟ್ ಆಫ್ ಮಾಡ್ರಪ್ಪ.