ಸಾವರಿನ್ ಹಿಲ್ ಸಿನಿಮಾ ಸೆಟ್ ಅಲ್ಲ!

ನಮಸ್ಕಾರ ಸ್ನೇಹಿತರೇ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾವರಿನ್ ಹಿಲ್ ಸುಮ್ನೆ ಸಿನಿಮಾ ಸೆಟ್. ಎರಡು ಗಂಟೆ ಸಾಕು. ಫೋಟೋ ತೆಗೆಸಿಕೊಂಡು ಬಂದುಬಿಡಿ." ಇದಕ್ಕೆ ರಾಶಿ ಲೈಕ್ ಬೇರೆ! ಇವತ್ತು ಬೇರೇನೋ ಮಾತಾಡಬೇಕಿತ್ತು. ಅದು ಮುಂದಿನ ವಾರ. ಮೊದಲು ಇದು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಬ್ಯಾಲರಾಟ್. 1851ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಎಲ್ಲೆಲ್ಲಿಂದಲೋ ಜನ ಬಂದು ಡೇರೆ ಹಾಕಿದರು, ನೋಡನೋಡುತ್ತಾ ಊರೇ ಎದ್ದಿತು. ಆ ಕಾಲದ ಊರನ್ನು ಹಳೇ ಗಣಿ ಜಾಗದಲ್ಲೇ ಮತ್ತೆ ಕಟ್ಟಿ, 1970ರಲ್ಲಿ ಜನರಿಗೆ ತೆರೆದರು. ಅದೇ ಸಾವರಿನ್ ಹಿಲ್.

ಈಗ ಹೇಳಿ, ಸಿನಿಮಾ ಸೆಟ್‌ನಲ್ಲಿ ಗಾಡಿ ಚಕ್ರ ತಯಾರಾಗುತ್ತದಾ? ಇಲ್ಲಿ ಆಗುತ್ತದೆ. ಉಗಿ ಇಂಜಿನ್ ತಿರುಗುತ್ತದೆ, ಬೆಲ್ಟು ಓಡುತ್ತದೆ, 19ನೇ ಶತಮಾನದ ಯಂತ್ರಗಳು ಮರ ಕೊರೆಯುತ್ತವೆ. ನಮ್ಮ ಮಾವನವರು ಹಾಸನದ ಕಡೆಯ ರೈತರು. ಆ ಚಕ್ರದ ಮುಂದೆ ನಿಂತವರು ಕದಲಲೇ ಇಲ್ಲ. ಇಂಗ್ಲಿಷ್ ಬರದಿದ್ದರೂ ಅಲ್ಲಿನ ಬಡಗಿಯ ಜೊತೆ ಕೈಸನ್ನೆಯಲ್ಲೇ ಮಾತಾಡಿದರು. ಪಕ್ಕದಲ್ಲಿ ಪೆಪ್ಪರ್‌ಮೆಂಟ್ ಅಂಗಡಿ. ಸಕ್ಕರೆ ಪಾಕ ಹದಕ್ಕೆ ಬರುವುದನ್ನು ನಿಮ್ಮ ಕಣ್ಣೆದುರೇ ನೋಡಬಹುದು. ಇನ್ನೊಂದು ಕಡೆ ಚಿನ್ನ ಕರಗಿಸಿ ಅಚ್ಚಿಗೆ ಸುರಿಯುತ್ತಾರೆ. ಅದು ಕರಗಬೇಕಾದರೆ 1064 ಡಿಗ್ರಿ ಶಾಖ ಬೇಕು! ಇದನ್ನೆಲ್ಲ ಎರಡು ಗಂಟೆಯಲ್ಲಿ ನೋಡುತ್ತೀರಾ? ಇದು ಸೆಟ್ ಅಲ್ಲ. ಇಲ್ಲಿ ಕೆಲಸ ನಡೆಯುತ್ತದೆ.

ಬಂದವರು ಬಾಣಲೆಯಲ್ಲಿ ಮರಳು ಜಾಲಿಸಿ ಚಿನ್ನ ಹುಡುಕಲು ಅಲ್ಲೊಂದು ಹೊಳೆ ಇದೆ. "ಹೊಳೆಗೆ ಚಿನ್ನ ಅವರೇ ಹಾಕುತ್ತಾರಂತೆ, ಮೋಸ" ಅಂತ ಇನ್ನೊಬ್ಬರು. ಹೌದು, ಹಾಕುತ್ತಾರೆ. ಮುಚ್ಚಿಟ್ಟಿಲ್ಲ. ನಿಜವಾದ ಚಿನ್ನವೇ, ಸಿಕ್ಕಿದ್ದು ನಿಮ್ಮದೇ. ಆದರೆ ಬಾಣಲೆ ಹಿಡಿದು ಅರ್ಧ ಗಂಟೆ ಬಗ್ಗಿ ನೋಡಿ. ಆ ಸೊಂಟನೋವು ಯಾರೂ ಹಾಕಿದ್ದಲ್ಲ! ಅವತ್ತಿನವರು ದಿನವಿಡೀ ಹಾಗೆ ಬಗ್ಗುತ್ತಿದ್ದರು. ಚಿನ್ನ ಸಿಗಲಿ ಬಿಡಲಿ, ತಿಂಗಳಿಗೆ 30 ಶಿಲ್ಲಿಂಗ್ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಸಿಟ್ಟು ತಡೆಯಲಾರದೆ 1854ರ ಡಿಸೆಂಬರ್‌ನಲ್ಲಿ ಬ್ಯಾಲರಾಟ್‌ನ ಯುರೇಕಾ ಅನ್ನುವ ಜಾಗದಲ್ಲಿ ಬೇಲಿ ಕಟ್ಟಿ ನಿಂತರು. ಸೈನಿಕರು ಬೆಳಗಿನ ಜಾವ ನುಗ್ಗಿದರು. 20ಕ್ಕೂ ಹೆಚ್ಚು ಜನ ಸತ್ತರು. ಚೀನಾದಿಂದ ಬಂದವರ ಕಥೆ ಇನ್ನೂ ಕಷ್ಟ. 1855ರಲ್ಲಿ ಅವರ ಮೇಲೆ ತಲೆಗೆ 10 ಪೌಂಡ್ ತೆರಿಗೆ ಹಾಕಿದರು. ಅದನ್ನು ತಪ್ಪಿಸಿಕೊಳ್ಳಲು ರೋಬ್ ಅನ್ನುವ ದೂರದ ಬಂದರಿನಲ್ಲಿ ಇಳಿದು, ನೂರಾರು ಕಿಲೋಮೀಟರ್ ನಡೆದುಕೊಂಡೇ ಚಿನ್ನದ ಬಯಲಿಗೆ ಬಂದರು. ಸಾವರಿನ್ ಹಿಲ್‌ನ ಚೀನೀ ಕ್ಯಾಂಪಿನ ಡೇರೆಗಳ ಮುಂದೆ ಸೆಲ್ಫಿ ತೆಗೆದುಕೊಂಡು ಓಡುವವರಿಗೆ ಇದು ಎಲ್ಲಿ ಗೊತ್ತಾಗಬೇಕು?

"ಟಿಕೆಟ್ ಜಾಸ್ತಿ" ಅನ್ನುತ್ತೀರಿ. ಜಾಸ್ತಿಯೇ. ಅದಕ್ಕೇ ಇಡೀ ದಿನ ಇರಿ ಅನ್ನುತ್ತಿರುವುದು! ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿ. ಕೆಲಸ ಮಾಡುತ್ತಿರುವವರನ್ನು ಮಾತಾಡಿಸಿ. ಎಲ್ಲಿಂದ ಶುರು ಮಾಡಬೇಕು ಅನ್ನೋ ವಿಡಿಯೋ ನಮ್ಮ ಚಾನೆಲ್‌ನಲ್ಲೇ ಇದೆ, ನೋಡಿ. ಹಾಗೇ ಸಬ್‌ಸ್ಕ್ರೈಬ್ ಆಗಿ.

ನನಗೆ ನಿಜವಾಗಿ ಸಂಕಟ ಆಗುವುದು ನಮ್ಮ ಕೋಲಾರದ ಚಿನ್ನದ ಗಣಿ, ಕೆಜಿಎಫ್ ನೆನಪಾದಾಗ. 1880ರಲ್ಲಿ ಅಲ್ಲಿಗೆ ಬ್ರಿಟಿಷರ ಜಾನ್ ಟೇಲರ್ ಗಣಿ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ನಮ್ಮ ಜನ ನೆಲದೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ನಾವೇನು ಮಾಡುತ್ತೇವೆ? ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ, ಆ ಸೈನೈಡ್ ದಿಬ್ಬದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. ಅಲ್ಲಿ ಬಂಡೆ ಕೊರೆದವರು, ಲಿಫ್ಟ್ ನಡೆಸಿದವರು ಇನ್ನೂ ಇದ್ದಾರೆ. ವಯಸ್ಸಾಗುತ್ತಿದೆ. ಮಕ್ಕಳ ಮುಂದೆ ಅವರು ಕೆಲಸ ಮಾಡಿ ತೋರಿಸುವಂಥ ಒಂದು ಜಾಗ ಬೇಕು. ಬೇಕೇ ಬೇಕು! "ನಮ್ಮಲ್ಲಿ ಇದೆಲ್ಲ ಆಗಲ್ಲ" ಅನ್ನಬೇಡಿ. ಯಾಕೆ ಆಗಲ್ಲ? ಕೈಗಳು ಇವೆ, ಕಥೆ ಇದೆ, ಜಾಗ ಇದೆ. ಆಗಲ್ಲ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ.

ನಿಮ್ಮ ಮನೆಯಲ್ಲಿ ಅಜ್ಜನೋ, ದೊಡ್ಡಪ್ಪನೋ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದ್ದರೆ ಕೆಳಗೆ ಬರೆಯಿರಿ. ಕನ್ನಡ, ತಮಿಳು, ತೆಲುಗು, ಯಾವ ಭಾಷೆಯಲ್ಲಾದರೂ ಸರಿ. ಈ ಚಾನೆಲ್‌ನಲ್ಲಿ ಅವರೇ ಮಾತಾಡಲಿ. ಎಷ್ಟು ಹೊತ್ತು ಬೇಕಾದರೂ ಮಾತಾಡಲಿ.