ಮನೆಯವರ ಸಭೆ

ಕೇಳುಗರಿಗೆ ನಮಸ್ಕಾರ. ಆರೈಕೆ, ರಕ್ಷಣೆ ಬೇಕಾದ ಮಗುವಿನ ಬಗ್ಗೆ ಮನೆಯವರೇ ಕೂಡಿ ತೀರ್ಮಾನಿಸುವ ಕುಟುಂಬ ಸಭೆಯ ಬಗ್ಗೆ ಇಂದಿನ ಮಾತು.

ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ಮಗುವಿನ ಹೊಣೆ ತಂದೆತಾಯಿಗೆ ಮಾತ್ರ ಸೇರಿದ್ದಲ್ಲ. ಫಾನೌ ಎಂಬ ದೊಡ್ಡ ಕುಟುಂಬಕ್ಕೂ, ಅದರಾಚೆ ಹಪೂ, ಇವಿ ಎಂಬ ಕುಲ, ಬುಡಕಟ್ಟುಗಳಿಗೂ ಸೇರಿದ್ದು. ಅಜ್ಜಿಯೋ ಚಿಕ್ಕಮ್ಮನೋ ಮಗುವನ್ನು ಸಾಕಿಕೊಳ್ಳುವ ಫಾಂಗೈ ಪದ್ಧತಿ ಹಳೆಯದು. ಹೆತ್ತವರು ಯಾರೆಂದು ಮಗುವಿಗೆ ಗೊತ್ತಿರುತ್ತದೆ. ಸರ್ಕಾರ ಮಾತ್ರ ಮನೆಯಲ್ಲಿ ಸರಿಯಾದ ಆರೈಕೆ ಇಲ್ಲವೆಂದು ಕಂಡ ಮಾವೊರಿ ಮಕ್ಕಳನ್ನು ಪರಕೀಯರ ಮನೆಗಳಿಗೆ, ವಸತಿ ಕೇಂದ್ರಗಳಿಗೆ ಸೇರಿಸುತ್ತಿತ್ತು. ಮಾವೊರಿ ಮುಖಂಡ ಜಾನ್ ರಂಗಿಹಾವು ನೇತೃತ್ವದ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಅದರ ಬೆನ್ನಿಗೇ ಬಂದ 1989ರ ಕಾಯ್ದೆ ಕುಟುಂಬ ಸಭೆಗೆ ಕಾನೂನಿನ ಬಲ ಕೊಟ್ಟಿತು.

ಸಭೆ ಕರೆಯುವುದು ಸಂಯೋಜಕರ ಕೆಲಸ. ದಿನ, ಜಾಗ, ಯಾರು ಬರಬೇಕು ಎಂಬುದನ್ನು ಕುಟುಂಬವನ್ನು ಕೇಳಿಯೇ ಗೊತ್ತುಮಾಡಬೇಕು. ನಿಜವಾದ ಶ್ರಮ ಇರುವುದು ಇಲ್ಲೇ. ತಾಯಿಯ ಕಡೆಯವರು ಸುಲಭವಾಗಿ ಸಿಗುತ್ತಾರೆ, ತಂದೆಯ ಕಡೆಯವರನ್ನು ಹುಡುಕುವ ತಾಳ್ಮೆ ಇರುವುದಿಲ್ಲ. ಮಗುವನ್ನು ಸಾಕಲು ಮುಂದಾಗುತ್ತಿದ್ದ ಅತ್ತೆಯೊಬ್ಬರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಬರಲಾಗದವರ ಅಭಿಪ್ರಾಯವನ್ನು ಮೊದಲೇ ಕೇಳಿ ಸಭೆಗೆ ತಿಳಿಸಬೇಕು. ಯಾರಾದರೂ ಬಂದರೆ ಮಗುವಿಗೆ ಹಾನಿ ಎನಿಸಿದರೆ ಅವರನ್ನು ಹೊರಗಿಡುವ ಅಧಿಕಾರ ಸಂಯೋಜಕರಿಗಿದೆ.

ಸಭೆಯಲ್ಲಿ ಮೊದಲು ಸಮಾಜ ಕಾರ್ಯಕರ್ತರು, ವೈದ್ಯರು, ಶಿಕ್ಷಕರು ತಮಗೆ ತಿಳಿದದ್ದನ್ನು ಹೇಳುತ್ತಾರೆ. ಏನಾಗಿದೆ, ಭಯ ಯಾವುದರದ್ದು, ಅಷ್ಟೇ. ಪರಿಹಾರವನ್ನೂ ಅವರೇ ಹೇಳಿಬಿಟ್ಟರೆ ಕೆಲಸ ಕೆಟ್ಟಿತು. ಉಳಿದದ್ದು ಬರೀ ಸಹಿ ಹಾಕುವ ಶಾಸ್ತ್ರ. ಆಮೇಲೆ ಅಧಿಕಾರಿಗಳು ಕೋಣೆಯಿಂದ ಹೊರಗೆ ಹೋಗುತ್ತಾರೆ, ಕುಟುಂಬ ತನ್ನಷ್ಟಕ್ಕೆ ಚರ್ಚಿಸುತ್ತದೆ. ಹಳೆಯ ಸಿಟ್ಟು, ಅಳು, ಮೌನ ಎಲ್ಲ ಹೊರಬರುವುದು ಆಗಲೇ, ಆದ್ದರಿಂದ ಗಡಿಯಾರ ನೋಡಿ ಬಾಗಿಲು ತಟ್ಟಬಾರದು. ಬೇರೆ ದೇಶಗಳಲ್ಲಿ ಈ ಮಾದರಿಯನ್ನು ಅನುಸರಿಸುವವರು ಮೊದಲು ಕತ್ತರಿ ಹಾಕುವುದು ಈ ಏಕಾಂತಕ್ಕೇ ಎಂಬ ಆತಂಕ ನಮ್ಮದು.

ಕೊನೆಗೆ ಯೋಜನೆ ಬರೆಯಬೇಕು. 'ಎಲ್ಲರೂ ನೋಡಿಕೊಳ್ಳುತ್ತೇವೆ' ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಮಗು ಯಾರ ಮನೆಯಲ್ಲಿ ಮಲಗುತ್ತದೆ, ಶಾಲೆಗೆ ಬಿಡುವವರು ಯಾರು, ತಾಯಿಯ ಭೇಟಿ ಯಾವ ದಿನ, ಹಾಸಿಗೆ ಬಟ್ಟೆಯ ಖರ್ಚು ಯಾರದ್ದು, ಮತ್ತೆ ಪರಿಶೀಲನೆ ಯಾವಾಗ, ಎಲ್ಲಕ್ಕೂ ಹೆಸರು, ತಾರೀಕು ಇರಬೇಕು. ಖರ್ಚಿಗೆ ನೆರವಿಲ್ಲದೆ ಅಜ್ಜಿಯ ಹೆಗಲಿಗೆ ಎಲ್ಲವನ್ನೂ ಹೊರಿಸಿದ ಯೋಜನೆ ಬೇಗ ಮುರಿಯುತ್ತದೆ.

ಒಪ್ಪಂದ ಆಗದಿದ್ದರೆ ವಿಷಯ ಕುಟುಂಬ ನ್ಯಾಯಾಲಯಕ್ಕೆ ಹೋಗಬಹುದು. ಮಗುವಿನ ಜೀವಕ್ಕೆ ಈಗಲೇ ಅಪಾಯವಿದ್ದರೆ ಸಭೆಗೆ ಕಾಯುವಂತಿಲ್ಲ. ಮೊದಲು ಸುರಕ್ಷಿತ ಜಾಗ, ಸಭೆ ಆಮೇಲೆ. ನಮಸ್ಕಾರ.