ನವನಗರ: ಊರಿಗಿಂತ ಬಾಗಿಲಿಗೇ ವಯಸ್ಸು ಜಾಸ್ತಿ

ಕೇಳುಗರಿಗೆ ನಮಸ್ಕಾರ. ಬಾಗಲಕೋಟೆಯಲ್ಲಿ ರೈಲಿಳಿದು ನವನಗರಕ್ಕೆ ಟಂಟಂ ಹತ್ತಿದರೆ ಡ್ರೈವರ್ ಮೊದಲು ಕೇಳುವುದೇ "ಎಷ್ಟನೇ ಸೆಕ್ಟರ್ ರೀ?" ಅಂತ. ಅದೇ ನವನಗರದಲ್ಲಿ ಇಬ್ಬರು ಹಿರಿಯರು ಮೊದಲ ಸಲ ಮಾತಿಗೆ ಕೂತರೆ ಸೆಕ್ಟರ್ ಸುದ್ದಿಯೇ ಬರಲ್ಲ. "ನಿಮ್ಮದು ಯಾವ ಓಣಿ?" ಅಂತಾರೆ. ಹಳಪೇಟೆಯೋ, ವೆಂಕಟಪೇಟೆಯೋ, ಕಿಲ್ಲಾನೋ, ಅದು ಗೊತ್ತಾಗಬೇಕು.

ಬೇರೆ ಊರು ಬೆಳೆಯುವುದು ಹೊರಗಿನವರು ಬಂದು ಸೇರಿ. ಇಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ಹಳೇ ಬಾಗಲಕೋಟೆಯೇ ಗಂಟು ಮೂಟೆ ಕಟ್ಟಿಕೊಂಡು ಬಂದು ಕೂತಿದೆ.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಆಗಿನ್ನೂ ಅವರು ಪ್ರಧಾನಿ ಅಲ್ಲ, ಅದಾಗಿದ್ದು ಮುಂದಿನ ತಿಂಗಳು. ಅಣೆಕಟ್ಟು ಕೃಷ್ಣೆಗೆ, ಬಾಗಲಕೋಟೆ ಇರುವುದು ಘಟಪ್ರಭೆ ದಂಡೆಗೆ, ಮತ್ತೆ ಊರು ಹೇಗೆ ಮುಳುಗಿತು ಅಂತ ಹೊರಗಿನವರು ಕೇಳುತ್ತಾರೆ. ಘಟಪ್ರಭೆ ಕೃಷ್ಣೆಗೆ ಕೂಡುವುದು ಚಿಕ್ಕಸಂಗಮದಲ್ಲಿ. ಅದು ಆಲಮಟ್ಟಿಗಿಂತ ಮೇಲಿದೆ. ಕೆಳಗೆ ಕೃಷ್ಣೆಯನ್ನು ತಡೆದು ನಿಲ್ಲಿಸಿದರೆ ಹಿನ್ನೀರು ಘಟಪ್ರಭೆಯೊಳಗೂ ಹಿಂದಕ್ಕೆ ಏರಿಕೊಂಡು ಬಂದು ಓಣಿಯ ಬಾಯಿಗೆ ನಿಲ್ಲುತ್ತದೆ, ಅಷ್ಟೇ.

ಹೊಸ ಊರಿನ ನಕ್ಷೆ 80ರ ದಶಕದ್ದು, ಮಾಡಿದವರು ಚಾರ್ಲ್ಸ್ ಕೊರಿಯಾ. ನವಿ ಮುಂಬೈ ಯೋಜನೆಯಲ್ಲೂ ಇದ್ದವರು. ಅಗಲ ರಸ್ತೆ, ಸೆಕ್ಟರ್, ಪ್ಲಾಟ್ ನಂಬರ್. ಚೆನ್ನಾಗಿಯೇ ಇತ್ತು. ಆದರೆ ಓಣಿಯ ಕಟ್ಟೆ ಮೇಲೆ ಕೂತು ಎದುರು ಮನೆಯವರ ಜೊತೆ ಮಾತಾಡಿದವರಿಗೆ ಆ ಅಗಲ ರಸ್ತೆ ದಾಟುವುದೇ ಒಂದು ಪ್ರಯಾಣ ಅನ್ನಿಸಿತ್ತಂತೆ.

ನಮ್ಮ ದೊಡ್ಡವ್ವ ಮನೆ ಬಿಚ್ಚಿಸಿದಾಗ ತೊಲೆ, ಜಂತಿ, ಕಂಬ, ಎಲ್ಲ ಟ್ರ್ಯಾಕ್ಟರಿಗೆ ಹೇರಿಸಿ ತಂದಳು. ಮುಂಬಾಗಿಲ ಚೌಕಟ್ಟು ಸಾಗವಾನಿದು, ಹೊಸ್ತಿಲು ಮಧ್ಯದಲ್ಲಿ ತುಳಿದು ತುಳಿದು ಬಟ್ಟಲಿನ ಹಾಗೆ ತಗ್ಗಾಗಿತ್ತು. ಹೊಸ ಪ್ಲಾಟಿಗೆ ಅದು ಅಗಲವಾಯಿತು. ಒಂದು ಗೇಣು ಕತ್ತರಿಸೋಣ ಅಂದ ಗೌಂಡಿ. "ಬಾಗಿಲ ಮುಟ್ಟಬ್ಯಾಡಪಾ, ಗ್ವಾಡಿ ಸಣ್ಣದ್ ಮಾಡು" ಅಂದಳು ದೊಡ್ಡವ್ವ. ಹಾಗಾಗಿ ಆ ಪಡಸಾಲೆ ಇವತ್ತಿಗೂ ಇಕ್ಕಟ್ಟು, ಬಾಗಿಲು ಮಾತ್ರ ವಾಡೆಯದ್ದು. ಅಂಥ ಮನೆ ನವನಗರದಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೆ ಇನ್ನೂ ಸಿಗುತ್ತವೆ, ಸಿಮೆಂಟ್ ಗೋಡೆಗೆ ಕೆತ್ತನೆಯ ಬಾಗಿಲು.

1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು, ಕಚೇರಿಗಳು ಬಂದವು, 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ. ಆಮೇಲೆ ಮುಳುಗಡೆಗೆ ಸಂಬಂಧವೇ ಇಲ್ಲದ ಜನ ನೌಕರಿಗೆ, ಮಕ್ಕಳ ಓದಿಗೆ ಅಂತ ಬಂದು ಬಾಡಿಗೆಗೆ ಇದ್ದು ಇಲ್ಲಿಯವರೇ ಆದರು.

ಇಷ್ಟಕ್ಕೆ ಮುಗಿದಿಲ್ಲ. 2000ರಲ್ಲಿ ಸುಪ್ರೀಂ ಕೋರ್ಟ್ ಅಣೆಕಟ್ಟಿಗೆ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರಕ್ಕೆ ಒಪ್ಪಿತ್ತು. 2010ರಲ್ಲಿ ಕೃಷ್ಣಾ ಜಲವಿವಾದದ ನ್ಯಾಯಮಂಡಳಿ 524.256 ಅಂದಿತು. ನಡುವಿನದು ನಾಲ್ಕೂವರೆ ಮೀಟರ್ ಚಿಲ್ಲರೆ, ಕಾಗದದ ಮೇಲೆ ಏನೂ ಅಲ್ಲ. ಹಳೇ ಊರಲ್ಲಿ ಉಳಿದವರಿಗೆ ಮಾತ್ರ ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ ಅನ್ನುವ ಲೆಕ್ಕ ಅದು.

ಹೋಳಿ ಬಂದರೆ ನೋಡಬೇಕು. ಹಲಗೆ ಸದ್ದು, ಬಣ್ಣದ ಬಂಡಿ, ಬಾಗಲಕೋಟೆಯಲ್ಲಿ ಒಂದು ದಿನಕ್ಕೆ ಮುಗಿಯುವ ಹಬ್ಬ ಅಲ್ಲ ಅದು. ದೊಡ್ಡವ್ವನ ಮೊಮ್ಮಗ ಹುಟ್ಟಿದ್ದು ಸೆಕ್ಟರಿನಲ್ಲಿ, ಹಳಪೇಟೆಯಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ಹೋದ ವರ್ಷ ಹಲಗೆ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತುತ್ತಿದ್ದ. ಎಲ್ಲಿಗೋ ಅಂದೆ.

"ನಮ್ಮ ಓಣಿಗೆ ರೀ" ಅಂದ.